ಕಾಲುವೆ ಹಿಡಿದು ಗಣಿಗೆ

ಡಾರ್ಟ್‌ಮೂರ್‌ನಲ್ಲಿ ಹಳೆಯ ತವರದ ಗಣಿ ನೋಡಲು ಹೋದವರು ಮೊದಲು ಹುಡುಕುವುದು ಗುಂಡಿಯನ್ನು. ಗಣಿ ಅಂದಮೇಲೆ ಆಳ ಇರಬೇಕು, ಕತ್ತಲೆ ಇರಬೇಕು, ಬಗ್ಗಿ ನೋಡಿದರೆ ಎದೆ ಝಲ್ಲೆನ್ನಬೇಕು ಎಂಬ ನಿರೀಕ್ಷೆ ಎಲ್ಲರದೂ. ಇಂಗ್ಲೆಂಡಿನ ನೈಋತ್ಯ ಮೂಲೆಯ ಡೆವನ್ ಕೌಂಟಿಯಲ್ಲಿರುವ ಈ ಗ್ರಾನೈಟ್ ಬೆಟ್ಟಬಯಲಿನ ಮೇಲೆ ಗುಂಡಿಗಳಿಗೇನೂ ಬರವಿಲ್ಲ. ಆದರೆ ಹೆಚ್ಚಿನವು ಎಂದೋ ಕುಸಿದು, ಮುಚ್ಚಿ, ಹುಲ್ಲು ಬೆಳೆದು, ಗಾಳಿ ಜೋರಾದಾಗ ಕುರಿಗಳು ಇಳಿದು ಮಲಗುವ ತಗ್ಗುಗಳಾಗಿವೆ. ಅವುಗಳ ಅಂಚಿನಲ್ಲಿ ಒಂದು ಗಳಿಗೆ ನಿಂತು, ಫೋಟೊ ತೆಗೆದುಕೊಂಡು, ಇಷ್ಟೇನಾ ಎಂಬ ಮುಖ ಮಾಡಿ ತಿರುಗುವವರನ್ನು ಕಂಡಾಗಲೆಲ್ಲ ಅವರನ್ನು ತಡೆದು ನಿಲ್ಲಿಸಿ ಸುತ್ತಲಿನ ಇಳಿಜಾರನ್ನು ತೋರಿಸಬೇಕು ಅನ್ನಿಸುತ್ತದೆ. ಹುಲ್ಲಿನಡಿ ಮಸಕಾಗಿ ಕಾಣುವ ಆ ಉದ್ದನೆಯ ಗೆರೆಗಳನ್ನು ನೋಡಿ, ಅವು ಕಾಲುವೆಗಳು, ಗಣಿಯ ಮುಕ್ಕಾಲು ಪಾಲು ಅಲ್ಲಿದೆ ಎಂದು ಹೇಳಬೇಕು ಅನ್ನಿಸುತ್ತದೆ.

ನಾನು ಹೇಳುತ್ತಿರುವುದು ಐಲ್ಸ್‌ಬರೋ ಗಣಿಯ ವಿಷಯ. ಡಾರ್ಟ್‌ಮೂರ್‌ನ ದಕ್ಷಿಣ ಭಾಗದಲ್ಲಿ, ಪ್ಲಿಮತ್ ಊರಿಗೆ ನೀರು ಕೊಡುವ ಬರೇಟರ್ ಜಲಾಶಯದ ಮೇಲ್ಗಡೆ ಇದೆ. ಮಗಳು ಪ್ಲಿಮತ್‌ನಲ್ಲಿ ನೆಲೆಸಿರುವುದರಿಂದ ಆ ಬೆಟ್ಟ ನನಗೆ ಹತ್ತಿರದ್ದಾಗಿದೆ. ಅಲ್ಲಿಗೆ ಹೋಗಲು ಚಳಿಗಾಲವೇ ಒಳ್ಳೆಯದು. ಬೇಸಿಗೆಯಲ್ಲಿ ಎದೆಮಟ್ಟ ಬೆಳೆಯುವ ಜರಿಗಿಡ ಚಳಿಗೆ ಒಣಗಿ ನೆಲಕ್ಕೆ ಬಿದ್ದಿರುತ್ತದೆ. ಸೂರ್ಯ ತಗ್ಗಿನಲ್ಲೇ ಸುಳಿದಾಡುವುದರಿಂದ ಗೇಣುದ್ದದ ಏರುತಗ್ಗಿಗೂ ನೆರಳು ಬೀಳುತ್ತದೆ. ಬೇಸಿಗೆಯಲ್ಲಿ ಬರೀ ಹಸಿರಾಗಿ ಕಂಡಿದ್ದ ಗುಡ್ಡದ ಮೇಲೆ ಚಳಿಗಾಲದ ಬೆಳಗ್ಗೆ ಎಷ್ಟೊಂದು ಕೆಲಸ ನಡೆದಿದೆ ಎಂಬುದು ಎದ್ದು ಕಾಣುತ್ತದೆ.

ದಾರಿಯಲ್ಲಿ ಶೀಪ್ಸ್ ಟಾರ್ ಎಂಬ ಪುಟ್ಟ ಹಳ್ಳಿ ಸಿಗುತ್ತದೆ. ಅಲ್ಲಿನ ಇಗರ್ಜಿಯ ಅಂಗಳದಲ್ಲಿ ಬೋರ್ನಿಯೋ ದ್ವೀಪದ ಸರವಾಕ್ ರಾಜ್ಯವನ್ನು ಆಳಿದ ಬಿಳಿಯ ರಾಜರ ಗೋರಿಗಳಿವೆ. ಮೊದಲನೆಯ ರಾಜಾ ಜೇಮ್ಸ್ ಬ್ರೂಕ್ ಹುಟ್ಟಿದ್ದು 1803ರಲ್ಲಿ, ನಮ್ಮ ಕಾಶಿಯ ಪಕ್ಕದಲ್ಲಿ. ಸತ್ತ ಮೇಲೆ ಮಣ್ಣಾದದ್ದು ಈ ಗುಡ್ಡದ ಬುಡದಲ್ಲಿ. ಇದಕ್ಕೂ ತವರಕ್ಕೂ ಸಂಬಂಧವಿಲ್ಲ, ಆದರೂ ಆ ಕೆಂಪು ಗ್ರಾನೈಟ್ ಗೋರಿಯ ಮುಂದೆ ನಿಲ್ಲದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ.

ನಾನು ಕೋಲಾರದ ಕಡೆಯವಳು. ನಮ್ಮ ಸೀಮೆಯಲ್ಲಿ ತುಂಬಿ ಹರಿಯುವ ನದಿಯಿಲ್ಲ, ಇರುವುದೆಲ್ಲ ಕೆರೆ. ಒಂದರ ಕೋಡಿ ಬಿದ್ದ ನೀರು ರಾಜಕಾಲುವೆ ಹಿಡಿದು ಇನ್ನೊಂದಕ್ಕೆ ಹೋಗಬೇಕು. ಕಾಲುವೆಗೆ ವಾಟ ಸರಿಯಿದೆಯೇ ಇಲ್ಲವೇ ಎಂಬುದನ್ನು ಹೇಳಲು ನೀರಗಂಟಿಗೆ ಯಾವ ಅಳತೆಯ ಪಟ್ಟಿಯೂ ಬೇಕಾಗಿರಲಿಲ್ಲ. ಚಿಕ್ಕಂದಿನಲ್ಲಿ ಕೆರೆಯ ಏರಿಯ ಮೇಲೆ ಓಡಾಡಿದವರ ಕಣ್ಣಿಗೆ ನೆಲದ ವಾಟ ತಾನಾಗಿಯೇ ತಿಳಿಯುತ್ತದೆ. ಐಲ್ಸ್‌ಬರೋದ ಇಳಿಜಾರಿನಲ್ಲಿ ಮಗಳು ಕಾಲುದಾರಿ ಎಂದುಕೊಂಡು ನಡೆಯುತ್ತಿದ್ದ ಪಟ್ಟಿಯನ್ನು ನೋಡಿ, "ಇದು ದಾರಿಯಲ್ಲ ಕಣೇ, ಕಾಲುವೆ" ಅಂದೆ. "ಅದು ಹೇಗೆ ಗೊತ್ತಾಯ್ತಮ್ಮಾ?" ಅಂದಳು. ದಾರಿಯಾದರೆ ಮನುಷ್ಯ ಆತುರಕ್ಕೆ ಗುಡ್ಡ ಅಡ್ಡ ಹಾಯುತ್ತಾನೆ, ಏರುತ್ತಾನೆ, ಇಳಿಯುತ್ತಾನೆ. ಇದು ಏರುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ. ಗುಡ್ಡದ ಪ್ರತಿಯೊಂದು ಮಡಿಕೆಯೊಳಗೂ ಹೊಕ್ಕು ಹೊರಬಂದು, ಕಣ್ಣಿಗೆ ಮಟ್ಟವೇ ಅನ್ನಿಸುವಷ್ಟು ಸಣ್ಣ ವಾಟದಲ್ಲಿ ಹೋಗುತ್ತಿತ್ತು. ಕೆಳಬದಿಗೆ ತೋಡಿದ ಮಣ್ಣಿನ ಸಣ್ಣ ಏರಿ, ಮೇಲ್ಬದಿಗೆ ಕಡಿದ ದಂಡೆ, ನಡುವೆ ಜೊಂಡು. ಹಿಂದಿನ ದಿನ ಮಳೆಯಾಗಿತ್ತು. ಜೊಂಡಿನ ಬುಡದಲ್ಲಿ ನೀರು ನಿಂತಿತ್ತು.

ಈ ಕಾಲುವೆಗಳಿಗೆ ಅಲ್ಲಿಯವರು ಲೀಟ್ ಅನ್ನುತ್ತಾರೆ. ಜೀವಂತ ಲೀಟ್ ಹೇಗಿರುತ್ತದೆಂದು ನೋಡಬೇಕಾದರೆ ಅದೂ ಹತ್ತಿರದಲ್ಲೇ ಇದೆ. ನೌಕಾನೆಲೆಯ ಊರಿಗೆ ನೀರು ಒಯ್ಯಲೆಂದು 1790ರ ದಶಕದಲ್ಲಿ ತೋಡಿದ ಡೆವನ್‌ಪೋರ್ಟ್ ಲೀಟ್ ಇಂದಿಗೂ ಡಾರ್ಟ್‌ಮೂರ್ ಮೇಲಿಂದ ಹರಿದುಬಂದು ಬರೇಟರ್ ಜಲಾಶಯ ಸೇರುತ್ತದೆ. ಒಂದು ಹಾರಿಗೆ ದಾಟಬಹುದಾದಷ್ಟು ಅಗಲ, ಬದಿಗಳಿಗೆ ಕಟ್ಟಿದ ಗ್ರಾನೈಟ್ ಕಲ್ಲು, ಒಳಗೆ ತಿಳಿಗಂದು ನೀರು. ಅದರ ಪಕ್ಕ ಒಂದಷ್ಟು ದೂರ ನಡೆದು, ಅದು ಗುಡ್ಡವನ್ನು ಬಳಸುವ ರೀತಿಯನ್ನು ಕಣ್ಣಿಗೆ ತುಂಬಿಕೊಂಡರೆ, ಸತ್ತ ಕಾಲುವೆಗಳನ್ನು ಗುರುತಿಸುವುದು ಕಷ್ಟವಲ್ಲ.

ಬೆಟ್ಟದ ಮೇಲಿನ ಗಣಿಗೆ ನೀರೇಕೆ ಇಷ್ಟೊಂದು ಬೇಕಾಯಿತು? ಐಲ್ಸ್‌ಬರೋ ಕೆಲಸ ಮಾಡಿದ್ದು 19ನೇ ಶತಮಾನದ ಮೊದಲರ್ಧದಲ್ಲಿ, ನಡುನಡುವೆ ನಿಂತು, ಹೆಸರು ಬದಲಿಸಿ, ಮತ್ತೆ ಶುರುವಾಗಿ, 1852ರ ಹೊತ್ತಿಗೆ ಪೂರ್ತಿ ಮುಚ್ಚಿತು. ಪಕ್ಕದ ಕಾರ್ನ್‌ವಾಲ್‌ನಲ್ಲಿ ಆಗಲೇ ಉಗಿಯಂತ್ರಗಳು ಹೊಗೆಯುಗುಳುತ್ತಿದ್ದವು. ಅವುಗಳ ಎತ್ತರದ ಚಿಮಣಿಯ ಕಟ್ಟಡಗಳೇ ಇಂದು ಕಾರ್ನ್‌ವಾಲ್‌ನ ಗುರುತು. ಐಲ್ಸ್‌ಬರೋದಲ್ಲಿ ಚಿಮಣಿಯ ಕಟ್ಟಡ ಹುಡುಕಿದರೆ ಸಿಗುವುದಿಲ್ಲ. ಕಲ್ಲಿದ್ದಲನ್ನು ಗಾಡಿಯ ಮೇಲೆ ಇಷ್ಟು ಎತ್ತರಕ್ಕೆ ಸಾಗಿಸುವುದು ದುಬಾರಿ. ಆದರೆ ಡಾರ್ಟ್‌ಮೂರ್ ಮೇಲೆ ಮಳೆಗೆ ಕೊರತೆಯಿಲ್ಲ. ಅಟ್ಲಾಂಟಿಕ್ ಸಾಗರದಿಂದ ಬಂದ ಮೋಡ ಎಡವುವುದು ಈ ಬೆಟ್ಟಗಳಿಗೆ. ಮೇಲಿನ ಪೀಟ್ ಜೌಗು, ಅಂದರೆ ಅರೆಕೊಳೆತ ಸಸ್ಯಗಳ ಸ್ಪಂಜಿನಂಥ ಮಣ್ಣು, ಮಳೆಯನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಡುತ್ತದೆ. ಆ ನೀರನ್ನು ಹಳ್ಳಕ್ಕೆ ಇಳಿಯಲು ಬಿಟ್ಟರೆ ಅದರ ಬಲವೆಲ್ಲ ಬಂಡೆಗಳಿಗೆ ಬಡಿದು ವ್ಯರ್ಥ. ಮೇಲೆಯೇ ತಡೆದು ಕಾಲುವೆಗೆ ತಿರುಗಿಸಿದರೆ, ಹಳ್ಳ ಕೆಳಗೆ ಕೆಳಗೆ ಇಳಿಯುತ್ತಿದ್ದಂತೆ ಕಾಲುವೆ ಮೇಲೆಯೇ ಉಳಿಯುತ್ತದೆ. ದೂರ ಹೋದಷ್ಟೂ ಇವೆರಡರ ನಡುವಿನ ಅಂತರ ಹೆಚ್ಚುತ್ತದೆ. ಆ ಅಂತರವೇ ಗಣಿಯ ಶಕ್ತಿ. ಅಲ್ಲಿ ಒಂದು ಚಕ್ರ ನಿಲ್ಲಿಸಿ, ಮೇಲಿನಿಂದ ನೀರು ಬೀಳಿಸಿದರೆ ಗಣಿಗೆ ಬೇಕಾದ ಕೆಲಸವನ್ನೆಲ್ಲ ಅದರಿಂದ ಮಾಡಿಸಬಹುದು. ಒಂದು ಚಕ್ರ ತಿರುಗಿಸಿದ ನೀರನ್ನೇ ಕೆಳಗೆ ಹಿಡಿದು ಎರಡನೆಯ ಚಕ್ರಕ್ಕೆ, ಅದರಿಂದ ಮೂರನೆಯದಕ್ಕೆ ಕೊಡಬಹುದು. ಗಣಿಯ ಕೆಳಗಿನ ಡ್ರಿಜಲ್‌ಕೂಮ್ ಕಣಿವೆಯಲ್ಲಿ ಅದಿರು ಕುಟ್ಟುವ ಗಿರಣಿಗಳ ಅವಶೇಷಗಳು ಮೆಟ್ಟಿಲು ಇಳಿದಂತೆ ಒಂದರ ಕೆಳಗೊಂದು ಇರುವುದು ಇದೇ ಕಾರಣಕ್ಕೆ.

ನೀರಿನ ಮೇಲೆ ತವರದ ಗಣಿಗಾರರಿಗಿದ್ದ ಹಕ್ಕು ಸಣ್ಣದಲ್ಲ. 1201ರಲ್ಲಿ ಜಾನ್ ದೊರೆ ಕೊಟ್ಟ ಸನ್ನದಿನಲ್ಲಿ ಎಲ್ಲಿ ಬೇಕಾದರೂ ತವರ ಅಗೆಯುವ, ಅದನ್ನು ಕರಗಿಸಲು ಉರುವಲಾಗಿ ಪೀಟ್ ಕಡಿಯುವ ಹಕ್ಕಿನ ಜೊತೆಗೆ ತಮ್ಮ ಕೆಲಸಕ್ಕಾಗಿ ಹಳ್ಳಗಳನ್ನು ತಿರುಗಿಸುವ ಹಕ್ಕೂ ಸೇರಿತ್ತು. 1305ರಲ್ಲಿ ಒಂದನೇ ಎಡ್ವರ್ಡ್ ಡೆವನ್ ಗಣಿಗಾರರಿಗೆ ಪ್ರತ್ಯೇಕ ಸನ್ನದು ಕೊಟ್ಟ. ಅವರಿಗೆ ಅವರದೇ ನ್ಯಾಯಾಲಯಗಳಿದ್ದವು. ಕ್ರಾಕರ್ನ್ ಟಾರ್ ಎಂಬ ಬಂಡೆಗುಡ್ಡದ ಮೇಲೆ, ಬಯಲಲ್ಲೇ, ಅವರ ಮಹಾಸಭೆ ಸೇರುತ್ತಿತ್ತು. ಲಿಡ್‌ಫರ್ಡ್‌ನಲ್ಲಿ ಅವರದೇ ಸೆರೆಮನೆ. ಭೂಮಾಲೀಕನೂ ಅವರ ತಂಟೆಗೆ ಹೋಗುವಂತಿರಲಿಲ್ಲ.

ಮೇಲಿನವರಿಗೆ ಹಕ್ಕಾದ ನೀರು ಕೆಳಗಿನವರಿಗೆ ಏನಾಯಿತು ಎಂಬುದನ್ನೂ ಹೇಳಬೇಕು. ಮಧ್ಯಯುಗದ ಗಣಿಗಾರರು ಬಂಡೆ ಕೊರೆಯುವ ಗೋಜಿಗೆ ಅಷ್ಟಾಗಿ ಹೋಗುತ್ತಿರಲಿಲ್ಲ. ಕಣಿವೆಯ ಮಣ್ಣಿನಲ್ಲಿ ಸೇರಿಕೊಂಡಿದ್ದ ಅದಿರನ್ನು ನೀರು ಹಾಯಿಸಿ ತೊಳೆದು ತೆಗೆಯುತ್ತಿದ್ದರು. ತೊಳೆದ ಮಣ್ಣೆಲ್ಲ ನದಿಗೆ. ನದಿಯಿಂದ ಅಳಿವೆಗೆ. ಹಡಗು ಬರುತ್ತಿದ್ದ ಬಂದರುಗಳಲ್ಲಿ ಹೂಳು ತುಂಬಿತು. ಪ್ಲಿಮ್ಟನ್ ಊರಿನಿಂದ ಪಾರ್ಲಿಮೆಂಟಿಗೆ ಆರಿಸಿಬಂದಿದ್ದ ರಿಚರ್ಡ್ ಸ್ಟ್ರೋಡ್ ಎಂಬಾತ, ತಾನೇ ತವರದ ಗಣಿಗಾರನಾಗಿದ್ದರೂ, ಇದಕ್ಕೆ ಕಡಿವಾಣ ಹಾಕಬೇಕೆಂದು ಸದನದಲ್ಲಿ ಮಸೂದೆ ತರಲು ಹೊರಟ. ಗಣಿಗಾರರ ನಾಲ್ಕೂ ನ್ಯಾಯಾಲಯಗಳು ಅವನಿಗೆ ತಲಾ 40 ಪೌಂಡ್ ದಂಡ ಹಾಕಿದವು. ಕಟ್ಟದೆ ಹೋದಾಗ ಹಿಡಿದು ಲಿಡ್‌ಫರ್ಡ್ ಸೆರೆಮನೆಗೆ ತಳ್ಳಿದವು. ಅವನನ್ನು ರಕ್ಷಿಸಲು ಪಾರ್ಲಿಮೆಂಟು 1512ರಲ್ಲಿ ಒಂದು ಕಾಯ್ದೆ ಮಾಡಬೇಕಾಯಿತು. ಸದನದಲ್ಲಿ ಆಡಿದ ಮಾತಿಗೆ, ತಂದ ಮಸೂದೆಗೆ ಹೊರಗಿನ ಯಾವ ನ್ಯಾಯಾಲಯವೂ ಸದಸ್ಯನನ್ನು ಶಿಕ್ಷಿಸುವಂತಿಲ್ಲ ಎಂಬ ಕಾಯ್ದೆ. ಅದು ಸ್ಟ್ರೋಡ್ ಒಬ್ಬನಿಗಲ್ಲ, ಎಲ್ಲ ಸದಸ್ಯರಿಗೂ ಸಲ್ಲುತ್ತದೆಂದು ಕಾಮನ್ಸ್ ಸಭೆ 1667ರಲ್ಲಿ ಸಾರಿತು. ನಮ್ಮ ಸಂವಿಧಾನದ 105ನೇ ವಿಧಿ ಸಂಸದರಿಗೆ ಕೊಡುವ ವಾಕ್ ಸ್ವಾತಂತ್ರ್ಯದ ಹಿಂದೆ ಇರುವುದು ಇದೇ ಪರಂಪರೆ. ದೆಹಲಿಯಲ್ಲಿ ಒಬ್ಬ ಸದಸ್ಯ ನಿರ್ಭಯವಾಗಿ ಎದ್ದು ಮಾತಾಡುವುದಕ್ಕೂ ಈ ಗುಡ್ಡದಿಂದ ಇಳಿದ ಹೂಳಿಗೂ ನಂಟಿದೆ ಎಂಬುದು ನನಗೆ ಪ್ರತಿ ಸಲವೂ ಬೆರಗು ಹುಟ್ಟಿಸುತ್ತದೆ.

ಮತ್ತೆ ಗಣಿಗೆ ಬರೋಣ. ಐಲ್ಸ್‌ಬರೋದಲ್ಲಿ ನಾನು ಹೆಚ್ಚು ಹೊತ್ತು ಕಳೆಯುವುದು ಒಂದು ಕಲ್ಲಿನ ಸಾಲಿನ ಹತ್ತಿರ. ಮೊಣಕಾಲೆತ್ತರದ ಗ್ರಾನೈಟ್ ಕಂಬಗಳು, ಜೋಡಿ ಜೋಡಿಯಾಗಿ, ನೇರವಾದ ಗೆರೆಯಲ್ಲಿ ಗುಡ್ಡ ಏರುತ್ತವೆ. ಒಂದು ಜೋಡಿಯ ಎರಡು ಕಲ್ಲುಗಳ ನಡುವೆ ಮನುಷ್ಯ ಒಂದು ಕಾಲಿಡಬಹುದಾದಷ್ಟು ಜಾಗ. ಪ್ರತಿ ಕಲ್ಲಿನ ನೆತ್ತಿಯಲ್ಲೂ ಅಡ್ಡಲಾಗಿ ಕೊರೆದ ಒಂದು ಕಚ್ಚು. ಕೆಲವು ಕಲ್ಲು ವಾಲಿವೆ, ಕೆಲವು ಬಿದ್ದಿವೆ, ಆದರೂ ಸಾಲು ತಪ್ಪಿಲ್ಲ. ಮೊದಲ ಸಲ ಬಂದವರು ಇದನ್ನು ಶಿಲಾಯುಗದವರು ನೆಟ್ಟ ಕಲ್ಲುಸಾಲು ಎಂದುಕೊಳ್ಳುವುದುಂಟು. ಹಾಗೆ ಅಂದುಕೊಳ್ಳಲು ಕಾರಣವೂ ಇದೆ. ಇಲ್ಲಿಂದ ಇಳಿದು ಹೋದರೆ ಡ್ರಿಜಲ್‌ಕೂಮ್‌ನಲ್ಲಿ ಸಾವಿರಾರು ವರ್ಷ ಹಿಂದಿನ ನಿಜವಾದ ಕಲ್ಲುಸಾಲುಗಳೇ ಇವೆ. ಅವುಗಳ ತುದಿಗೆ ನಿಲ್ಲಿಸಿದ ಕಲ್ಲುಗಳಲ್ಲಿ ಒಂದಂತೂ ನಾಲ್ಕು ಮೀಟರಿಗಿಂತ ಎತ್ತರ. ಅವು ಯಾಕೆ, ಯಾರಿಗಾಗಿ ಎಂದು ಪಂಡಿತರು ಇನ್ನೂ ಚರ್ಚಿಸುತ್ತಿದ್ದಾರೆ. ಗಣಿಯ ಸಾಲಿನ ಉದ್ದೇಶ ಮಾತ್ರ ಕಲ್ಲಿನ ನೆತ್ತಿಯಲ್ಲೇ ಕೊರೆದಿದೆ.

ಗಣಿಯ ಶಾಫ್ಟ್ ಗುಡ್ಡದ ಮೇಲಿತ್ತು. ನೀರಿನ ಚಕ್ರ ಅಲ್ಲಿ ನಿಲ್ಲುವಂತಿಲ್ಲ, ಏಕೆಂದರೆ ಅಷ್ಟು ಎತ್ತರಕ್ಕೆ ಕಾಲುವೆ ಬರುವುದಿಲ್ಲ. ಚಕ್ರವನ್ನು ಕೆಳಗೆ, ನೀರು ಸಿಗುವ ಕಡೆ ನಿಲ್ಲಿಸಿದರು. ಅದರ ಅಚ್ಚಿಗೆ ಕ್ರ್ಯಾಂಕ್ ಜೋಡಿಸಿ, ಅದಕ್ಕೆ ಉದ್ದನೆಯ ಕಬ್ಬಿಣದ ಸರಳು ಸಿಕ್ಕಿಸಿ, ಸರಳಿಗೆ ಸರಳು ಬೆಸೆದು ಗುಡ್ಡದ ಮೇಲಕ್ಕೆ ಒಯ್ದರು. ಜೋಡಿಕಲ್ಲುಗಳ ಕಚ್ಚಿನಲ್ಲಿ ಅಚ್ಚು ಕೂರಿಸಿ, ಅದರ ಮೇಲೆ ಉರುಳೆ. ಉರುಳೆಯ ಮೇಲೆ ಸರಳು. ಚಕ್ರ ಒಂದು ಸುತ್ತು ತಿರುಗಿದರೆ ಅಷ್ಟುದ್ದದ ಸರಳೆಲ್ಲ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸರಿಯುತ್ತದೆ. ಮೇಲೆ ಶಾಫ್ಟ್‌ನ ಬಾಯಲ್ಲಿ ಆ ಚಲನೆ ನೆಟ್ಟಗೆ ಕೆಳಕ್ಕೆ ತಿರುಗಿ ಪಂಪನ್ನು ಎಳೆಯುತ್ತದೆ. ಹೀಗೆ ಕಣಿವೆಯಲ್ಲಿ ಬಿದ್ದ ನೀರಿನ ಬಲ ಗುಡ್ಡ ಹತ್ತಿ ಹೋಗಿ, ಗುಡ್ಡದ ಹೊಟ್ಟೆಯಲ್ಲಿ ತುಂಬಿದ ಬೇರೆ ನೀರನ್ನು ಎತ್ತಿ ಹಾಕುತ್ತಿತ್ತು.

ಒಂದು ಕಲ್ಲಿನ ಮುಂದೆ ಕೂತು ಆ ಕಚ್ಚನ್ನು ಹತ್ತಿರದಿಂದ ನೋಡಿದೆ. ಒಳಗೆ ಮಳೆನೀರು ನಿಂತಿತ್ತು, ಅಂಚಿಗೆ ಬೂದುಬಣ್ಣದ ಕಲ್ಲುಹೂ ಹಬ್ಬಿತ್ತು. ಕೈಗವಸು ತೆಗೆದು ಬೆರಳು ಹಾಕಿದರೆ ಉಳಿಯ ಗುರುತುಗಳು ಇನ್ನೂ ತಾಕುತ್ತವೆ. ಗ್ರಾನೈಟಿನಲ್ಲಿ ಇಷ್ಟು ಮಾಡಲು ಎಷ್ಟು ಹೊತ್ತು ಹಿಡಿಯುತ್ತದೆಂದು ನಮ್ಮ ಕೋಲಾರದ ಕಲ್ಲುಕುಟಿಗರನ್ನು ಕೇಳಬೇಕು. ಇಂಥವು ಗುಡ್ಡದುದ್ದಕ್ಕೂ, ಒಂದೊಂದರಲ್ಲೂ ಎರಡು ಕಲ್ಲು, ಎರಡೂ ಒಂದೇ ಮಟ್ಟಕ್ಕೆ ಬರಬೇಕು, ಇಲ್ಲವಾದರೆ ಅಚ್ಚು ತಿರುಗುವುದಿಲ್ಲ. ಕೆಲಸ ಮಾಡಿದವರ ಹೆಸರು ಕಲ್ಲಿನ ಮೇಲಿಲ್ಲ. ಆದರೆ ಎಡಗಲ್ಲಿನ ಕಚ್ಚು ಬಲಗಲ್ಲಿನದಕ್ಕಿಂತ ಕೂದಲೆಳೆಯಷ್ಟು ಆಳವಾಗಿದ್ದದ್ದು ಕಂಡಿತು. ನೆಟ್ಟ ಮೇಲೆ ಒಂದು ಕಲ್ಲು ಎತ್ತರವಾಗಿದೆಯೆಂದು ತಿಳಿದು ಮತ್ತೊಮ್ಮೆ ಉಳಿ ಹಿಡಿದು ಸರಿಮಾಡಿದ ಕೈ ಅದು ಎಂದು ನನ್ನ ನಂಬಿಕೆ.

ಇನ್ನು ಅದಿರಿನ ವಿಷಯ. ಸುಮಾರು 28 ಕೋಟಿ ವರ್ಷ ಹಿಂದೆ ಈ ಗ್ರಾನೈಟ್ ತಣ್ಣಗಾಗುವಾಗ ಬಿರುಕುಗಳಲ್ಲಿ ಹರಿದ ಬಿಸಿ ದ್ರವಗಳು ತವರದ ಆಕ್ಸೈಡನ್ನು ಬಿಟ್ಟುಹೋದವು. ಆ ಬಿರುಕುಗಳೇ ಅದಿರಿನ ಪಟ್ಟಿಗಳು. ಗುಡ್ಡದ ಮೇಲೆ ತಗ್ಗುಗಳು ಸಾಲಾಗಿ ಇರುವುದನ್ನು ಕಂಡರೆ ಆ ಸಾಲಿನ ಕೆಳಗೆ ಪಟ್ಟಿ ಓಡಿದೆ ಎಂದೇ ಅರ್ಥ. ಮೇಲಕ್ಕೆ ಎತ್ತಿದ ಕಲ್ಲನ್ನು ಗಿರಣಿಗೆ ತಂದು, ಕಬ್ಬಿಣದ ತಲೆಯ ದಿಮ್ಮಿಗಳಿಂದ ಹಗಲೂ ರಾತ್ರಿ ಕುಟ್ಟಿ ಮರಳು ಮಾಡುತ್ತಿದ್ದರು. ದಿಮ್ಮಿಗಳನ್ನು ಎತ್ತಿ ಬಿಡುತ್ತಿದ್ದುದು ಮತ್ತೆ ನೀರಿನ ಚಕ್ರವೇ. ಗ್ರಾನೈಟ್ ಅಷ್ಟೇ ಗಾತ್ರದ ನೀರಿನ ಎರಡೂವರೆ ಪಟ್ಟಿಗಿಂತ ಕೊಂಚ ಹೆಚ್ಚು ತೂಗುತ್ತದೆ. ತವರದ ಅದಿರು ಹೆಚ್ಚುಕಮ್ಮಿ ಏಳು ಪಟ್ಟು. ಗಿರಣಿಯ ಸಿಬ್ಬಂದಿಗೆ ಈ ವ್ಯತ್ಯಾಸವೊಂದೇ ಆಧಾರ. ಮರಳನ್ನು ಇಳಿಜಾರು ತೊಟ್ಟಿಗಳಲ್ಲಿ ತೆಳುವಾಗಿ ಹರಿಸಿದರೆ ಹಗುರಾದ ಪುಡಿ ಕೊಚ್ಚಿಹೋಗಿ ಭಾರವಾದ ಅದಿರು ತಲೆಭಾಗದಲ್ಲೇ ನಿಲ್ಲುತ್ತದೆ. ಮೊರದಲ್ಲಿ ಅಕ್ಕಿ ಕೇರುವಾಗ ಗಾಳಿ ಮಾಡುವ ಕೆಲಸವನ್ನು ಇಲ್ಲಿ ನೀರು ಮಾಡುತ್ತದೆ. ಒಮ್ಮೆ ತೊಳೆದರೆ ಸಾಲದು, ಮತ್ತೆ ಮತ್ತೆ. ಡ್ರಿಜಲ್‌ಕೂಮ್‌ನ ಆ ತೊಟ್ಟಿಗಳ ಆಯತಾಕಾರದ ಗುರುತುಗಳು ಹುಲ್ಲಿನಲ್ಲಿ ಇಂದಿಗೂ ಇವೆ.

ಅಲ್ಲಿ ಹಳ್ಳದ ಬದಿಯಿಂದ ಮಗಳು ಒಂದು ಹಿಡಿ ಮರಳು ತೆಗೆದು ಅಂಗೈಯಲ್ಲಿ ನೀರು ಹಾಕಿಕೊಂಡು ಅಲ್ಲಾಡಿಸಿದಳು. ಬಿಳಿ, ಬೂದು, ಹೊಳೆಯುವ ಅಭ್ರಕದ ಚೂರು ಎಲ್ಲ ಹರಿದುಹೋಗಿ, ಕಟ್ಟಕಡೆಗೆ ಕೆಲವು ಕರಿ ಕಾಳುಗಳು ಅಂಗೈಯ ಗೆರೆಯಲ್ಲಿ ಉಳಿದವು. ಅದು ತವರದ ಅದಿರೋ, ಗ್ರಾನೈಟಿನಲ್ಲಿ ಧಾರಾಳವಾಗಿ ಸಿಗುವ ಟೂರ್ಮಲಿನ್ನೋ ಬರಿಗಣ್ಣಿಗೆ ಹೇಳುವುದು ಸುಲಭವಲ್ಲ. ನೀರು ಬಗ್ಗಿಸಿದಾಗಲೂ ಜಗ್ಗದೆ ಕೂತಿದ್ದ ಒಂದೆರಡು ಕಾಳು ಮಾತ್ರ ತವರವೇ ಎಂದು ಅವಳ ವಾದ. ನನಗೆ ನೆನಪಾದದ್ದು ಮನೆಯ ಹಿತ್ತಾಳೆ ಪಾತ್ರೆಗಳು. ಹುಣಿಸೆ ಹುಳಿಗೆ ಕಿಲುಬು ಹಿಡಿಯದಂತೆ ವರ್ಷಕ್ಕೊಮ್ಮೆ ಕಲಾಯಿಯವನು ಬಂದು ಬೀದಿಯಲ್ಲೇ ತಿದಿ ಹೂಡಿ, ನವಸಾಗರ ಹಾಕಿ, ಕಾದ ಪಾತ್ರೆಯ ಒಳಗೆ ತವರದ ಕಡ್ಡಿ ಸವರಿ ಬಟ್ಟೆಯಿಂದ ಒರೆಸುತ್ತಿದ್ದ. ಒಂದೇ ಕ್ಷಣದಲ್ಲಿ ಪಾತ್ರೆ ಬೆಳ್ಳಿಯಾಗುತ್ತಿತ್ತು. ತವರ 232 ಡಿಗ್ರಿಗೆಲ್ಲ ಕರಗುವ ಲೋಹವಾದ್ದರಿಂದ ಬೀದಿಯ ಇದ್ದಿಲಿನ ಒಲೆಯೂ ಅದಕ್ಕೆ ಸಾಕು. ಆದರೆ ಅದಿರಿನಿಂದ ಲೋಹವನ್ನು ಬಿಡಿಸಲು ಅಷ್ಟು ಶಾಖ ಸಾಲದು. ಅದಕ್ಕೆ ಐಲ್ಸ್‌ಬರೋದಲ್ಲಿ 1822ರಿಂದ 1831ರವರೆಗೆ ಸ್ವಂತ ಕರಗಿಸುವ ಮನೆಯೇ ಇತ್ತು. ಡಾರ್ಟ್‌ಮೂರ್ ಮೇಲೆ ತವರ ಕರಗಿಸಿದ ಕೊನೆಯ ಜಾಗ ಅದು. ಹಳೆಯ ಪದ್ಧತಿಯ ಊದುಕುಲುಮೆ, ಹೊಸ ಪದ್ಧತಿಯ ಕುಲುಮೆ ಎರಡೂ ಒಂದೇ ಮಾಡಿನಡಿ ಇದ್ದವು. ಈಗ ಉಳಿದಿರುವುದು ಸೊಂಟದೆತ್ತರದ ಗೋಡೆ, ದಪ್ಪ ಕಲ್ಲುಗಳು, ನಡುವೆ ನುಗ್ಗಿದ ಹುಲ್ಲು.

ಕರಗಿಸಿದ ಗಟ್ಟಿಗಳನ್ನು ಸ್ಟ್ಯಾನರಿ ಊರಿಗೆ, ಅಂದರೆ ತವರದ ಪರೀಕ್ಷೆಗೆಂದು ಗೊತ್ತುಮಾಡಿದ ಊರಿಗೆ, ಸಾಗಿಸಿ, ಮೂಲೆ ಕತ್ತರಿಸಿ ಪರೀಕ್ಷೆ ಮಾಡಿಸಿ, ಸುಂಕ ಕಟ್ಟಿ ಮುದ್ರೆ ಒತ್ತಿಸದೆ ಮಾರುವಂತಿರಲಿಲ್ಲ. ಆ ಸುಂಕ ರದ್ದಾದದ್ದು 1838ರಲ್ಲಿ. ಅಷ್ಟರಲ್ಲಿ ಐಲ್ಸ್‌ಬರೋದ ಒಳ್ಳೆಯ ದಿನಗಳು ಮುಗಿದಿದ್ದವು. ಆಮೇಲೆ ಬಂದ ಕಂಪನಿಗಳು ಹೊಸ ಹೆಸರಿಟ್ಟು ಷೇರು ಮಾರಿದವು. ಭೂಮಿಯೊಳಗಿನ ಪಟ್ಟಿ ಬಡವಾಗಿತ್ತು. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಗಣಿಯ ಷೇರಿನ ಕಥೆ ಎಲ್ಲ ಊರಲ್ಲೂ ಒಂದೇ.

ನನಗೆ ಈ ಗುಡ್ಡದ ಮೇಲೆ ಕೋಲಾರ ನೆನಪಾಗುವುದು ಹುಟ್ಟೂರೆಂಬ ಕಾರಣಕ್ಕಷ್ಟೇ ಅಲ್ಲ. ಡಾರ್ಟ್‌ಮೂರ್‌ನ ಪಶ್ಚಿಮದ ಅಂಚಿಗೆ ಮೇರಿ ಟೇವಿ ಎಂಬ ಹಳ್ಳಿಯಿದೆ. ಅಲ್ಲಿ ವ್ಹೀಲ್ ಫ್ರೆಂಡ್‌ಶಿಪ್ ಎಂಬ ತಾಮ್ರದ ಗಣಿ. 1798ರಲ್ಲಿ ಅದರ ಮೇಲ್ವಿಚಾರಣೆಗೆ ನಿಂತ ಜಾನ್ ಟೇಲರ್‌ಗೆ ಆಗ 19 ವರ್ಷ. ಅಲ್ಲಿ ಅವನ ಆಳ್ವಿಕೆಯೆಲ್ಲ ನೀರಿನ ಚಕ್ರಗಳ ಮೇಲೆ. 1803ರಲ್ಲಿ ಟ್ಯಾವಿಸ್ಟಾಕ್ ಊರಿನಿಂದ ಟೇಮರ್ ನದಿಯ ಕಡೆಗೆ, ಗುಡ್ಡದಡಿ ಸುರಂಗ ಕೊರೆದು, ಒಂದು ಕಾಲುವೆ ತೋಡಲು ಹೊರಟು 1817ಕ್ಕೆ ಮುಗಿಸಿದ. ಅವನ ವಂಶದವರ ಸಂಸ್ಥೆ ಜಾನ್ ಟೇಲರ್ ಅಂಡ್ ಸನ್ಸ್ 1880ರಲ್ಲಿ ಮೈಸೂರು ಸಂಸ್ಥಾನದ ಕೋಲಾರದ ಚಿನ್ನದ ಗಣಿಗಳಿಗೆ ಕಾಲಿಟ್ಟು, 1956ರಲ್ಲಿ ಸರ್ಕಾರ ಗಣಿಗಳನ್ನು ವಹಿಸಿಕೊಳ್ಳುವವರೆಗೂ ಅಲ್ಲೇ ಇತ್ತು. ಕಾರ್ನ್‌ವಾಲ್‌ನ ಗಣಿಗಾರರು ಹಡಗು ಹತ್ತಿ ಉರಿಗಾಂಗೆ, ಮಾರಿಕುಪ್ಪಂಗೆ ಬಂದರು. ಅವರ ಕೆಳಗೆ ಆಳಕ್ಕೆ ಇಳಿದವರು ಉತ್ತರ ಆರ್ಕಾಟಿನಿಂದ, ಚಿತ್ತೂರಿನಿಂದ ಬಂದ ತಮಿಳು ತೆಲುಗು ಕೂಲಿಗಳು, ಬಹುಪಾಲು ದಲಿತರು. ಒಂದೊಂದು ಏರ್ ಬ್ಲಾಸ್ಟ್‌ಗೂ, ಅಂದರೆ ಆಳದ ಬಂಡೆ ಒತ್ತಡಕ್ಕೆ ಸಿಡಿದಾಗಲೆಲ್ಲ, ಪ್ರಾಣ ಕೊಟ್ಟವರು ಅವರು.

ಕೋಲಾರದಲ್ಲಿ ಡಾರ್ಟ್‌ಮೂರ್‌ನ ಮಳೆಯಿಲ್ಲ. ಮೊದಲಿಗೆ ಉಗಿಯಂತ್ರ ನಡೆಸಲು ಸೌದೆ, ಕಲ್ಲಿದ್ದಲು ಸುಟ್ಟರು. ಕೊನೆಗೆ ಅಲ್ಲಿಗೂ ನೀರನ್ನೇ ತಂದರು, ಬೇರೆ ರೂಪದಲ್ಲಿ. ಶಿವನಸಮುದ್ರದಲ್ಲಿ ಕಾವೇರಿ ಧುಮುಕುವ ಬಲವನ್ನು ವಿದ್ಯುತ್ತಾಗಿ ಮಾಡಿ, 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಗಣಿಗೆ ತಂತಿಯ ಮೇಲೆ ಹರಿಸಿದರು. ಯೋಜನೆ ರೂಪಿಸಿದ ಎಂಜಿನಿಯರ್ ಲಾಟ್‌ಬಿನಿಯರ್ ಕೆನಡಾದವನು, ಬೆನ್ನಿಗೆ ನಿಂತವರು ದಿವಾನ್ ಶೇಷಾದ್ರಿ ಅಯ್ಯರ್. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬರುವ ಮೊದಲೇ ಕೋಲಾರದ ಗಣಿಗೆ ಕಾವೇರಿ ಬಂದಿದ್ದಳು. ಐಲ್ಸ್‌ಬರೋದ ಕಬ್ಬಿಣದ ಸರಳು ಕಣಿವೆಯ ನೀರಿನ ಬಲವನ್ನು ಗುಡ್ಡದ ಮೇಲಕ್ಕೆ ಒಯ್ದದ್ದೂ, ಶಿವನಸಮುದ್ರದ ತಂತಿ ಕಾವೇರಿಯ ಬಲವನ್ನು ಕೋಲಾರಕ್ಕೆ ತಂದದ್ದೂ ಒಂದೇ ಯೋಚನೆ. ಸರಳು ಹೋದಷ್ಟು ದೂರ ಹೋಯಿತು, ತಂತಿ ಇನ್ನೂ ದೂರ ಹೋಯಿತು. ಬೇಸಿಗೆಯಲ್ಲಿ ಕಾವೇರಿ ಬಡವಾದರೆ ಗಣಿಗೆ ವಿದ್ಯುತ್ ಕಡಿಮೆಯಾಗುತ್ತಿತ್ತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದಾಗ ಮಂಡ್ಯದ ಗದ್ದೆಗಳ ಜೊತೆಗೆ ಕೋಲಾರಕ್ಕೆ ವರ್ಷವಿಡೀ ವಿದ್ಯುತ್ ಕೊಡುವ ಲೆಕ್ಕವೂ ಅದರೊಳಗಿತ್ತು.

ನಮ್ಮ ತಾತ ಕೋಲಾರದ ಚಾಂಪಿಯನ್ ರೀಫ್ ಗಣಿಯಲ್ಲಿ ಪಂಪಿನ ಕೆಲಸಕ್ಕಿದ್ದವರು. ಅವರಿಗೆ ಇದೆಲ್ಲ ಪುಸ್ತಕದ ವಿಷಯವಾಗಿರಲಿಲ್ಲ. "ಅಲ್ಲಿ ನೀರು ಇಳಿದರೆ ಇಲ್ಲಿ ನೀರು ಏರ್ತದೆ" ಅನ್ನುತ್ತಿದ್ದರು. ಅಲ್ಲಿ ಅಂದರೆ ಶಿವನಸಮುದ್ರ, ಇಲ್ಲಿ ಅಂದರೆ ಗಣಿಯ ತಳ. ಮಕ್ಕಳಾಗಿದ್ದ ನಮಗೆ ಅದು ಒಗಟಿನಂತೆ ಕೇಳುತ್ತಿತ್ತು. ಐಲ್ಸ್‌ಬರೋದ ಆ ಜೋಡಿಕಲ್ಲಿನ ಮುಂದೆ ಕೂತಾಗ ಮಗಳಿಗೆ ಈ ಮಾತು ಹೇಳಿದೆ. ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ, ಕಲ್ಲಿನ ಸಾಲು ಕಣ್ಣೆದುರಿಗೇ ಇತ್ತು.

2001ರ ಫೆಬ್ರವರಿ 28ಕ್ಕೆ ಕೋಲಾರದ ಗಣಿ ನಿಂತಿತು. ಪಂಪುಗಳೂ ನಿಂತವು. ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿದ್ದ ಸುರಂಗಗಳಲ್ಲಿ ನೀರು ತುಂಬಿಕೊಂಡಿದೆ. ಇಂದು ಕೆಜಿಎಫ್‌ಗೆ, ಅಂದರೆ ಕೋಲಾರದ ಚಿನ್ನದ ಗಣಿಯ ಊರಿಗೆ, ಹೋದವರು ಶಾಫ್ಟ್‌ನ ಗಾಲಿ ನೋಡುತ್ತಾರೆ, ಗಣಿತ್ಯಾಜ್ಯದ ಸೈನೈಡ್ ದಿಬ್ಬದ ಮೇಲೆ ಹತ್ತಿ ಫೋಟೊ ತೆಗೆಯುತ್ತಾರೆ. ಅದೇ ಹೆಸರಿನ ಸಿನಿಮಾ ಬಂದ ಮೇಲೆ ಇದು ಇನ್ನೂ ಹೆಚ್ಚಾಗಿದೆ. ನೀರು ಯಾವ ದಾರಿಯಲ್ಲಿ ಬಂತು, ವಿದ್ಯುತ್ತು ಎಲ್ಲಿ ಇಳಿಯಿತು, ಯಾವ ಪಂಪಿನ ಮನೆಯಿಂದ ಯಾವ ಶಾಫ್ಟ್‌ಗೆ ಎಂಬುದನ್ನು ತೋರಿಸುವ ಒಂದು ನಡಿಗೆಯ ನಕ್ಷೆ ನನಗೆ ಎಲ್ಲೂ ಸಿಕ್ಕಿಲ್ಲ. ಡಾರ್ಟ್‌ಮೂರ್‌ನಲ್ಲಿ ಪುರಾತತ್ತ್ವದವರು ಒಂದೊಂದು ಲೀಟನ್ನೂ ಅಳೆದು ಬರೆದಿಟ್ಟಿದ್ದಾರೆ. ಅಲ್ಲಿನ ಗಣಿ ಮುಚ್ಚಿಯೇ ನೂರೈವತ್ತು ವರ್ಷ ದಾಟಿತು, ಕೇಳಲು ಯಾರೂ ಇರಲಿಲ್ಲ, ಕಲ್ಲು ಹುಲ್ಲುಗಳನ್ನೇ ಕೇಳಿ ತಿಳಿದುಕೊಳ್ಳಬೇಕಾಯಿತು. ನಮ್ಮಲ್ಲಿ ಪಂಪು ನಡೆಸಿದವರು, ವಾಲ್ವ್ ತಿರುಗಿಸಿದವರು ಚಾಂಪಿಯನ್ ರೀಫ್‌ನ ಲೈನ್‌ಮನೆಗಳಲ್ಲಿ ಇನ್ನೂ ಇದ್ದಾರೆ. ವಯಸ್ಸಾಗಿದೆ, ಗಣಿಯ ಧೂಳಿನಿಂದ ಉಸಿರು ಕಟ್ಟುತ್ತದೆ, ಆದರೂ ಕೇಳಿದರೆ ಸಂತೋಷದಿಂದ ಹೇಳುತ್ತಾರೆ.

ಊರಿಗೆ ಹೋದಾಗ ಶಾಫ್ಟ್‌ಗಳ ಕಡೆ ಮೊದಲು ಹೋಗುವುದು ಬೇಡ ಎಂದುಕೊಂಡಿದ್ದೇನೆ. ಗಣಿಯ ಊರಿಗೆಲ್ಲ ಕುಡಿಯುವ ನೀರು ಕೊಟ್ಟದ್ದು ಪಾಲಾರ್ ನದಿಗೆ ಕಟ್ಟಿದ ಬೇತಮಂಗಲದ ಕೆರೆ. ಅದರ ಏರಿಯಿಂದ ಶುರುಮಾಡಿ, ಹಳೆಯ ಕೊಳವೆಯ ದಾರಿ ಹಿಡಿದು ಉರಿಗಾಂವರೆಗೆ ನಡೆಯಬೇಕು. ಹತ್ತು ಕಿಲೋಮೀಟರಿನ ಆಸುಪಾಸು ಆಗಬಹುದು. ಮಗಳು ರಜೆಗೆ ಬರುತ್ತೇನೆಂದಿದ್ದಾಳೆ. ಪಂಪಿನ ಮನೆಯಲ್ಲಿ ಕೆಲಸ ಮಾಡಿದ ಹಿರಿಯರೊಬ್ಬರನ್ನು ಜೊತೆಗೆ ಬರಲು ಕೇಳಿದ್ದೇನೆ. ನಡೆಯಲು ಆಗದಿದ್ದರೂ ಆಟೊದಲ್ಲಿ ಬಂದು ಪ್ರತಿ ತಿರುವಿನಲ್ಲೂ ಕಾಯುತ್ತೇನೆ ಅಂದಿದ್ದಾರೆ.